ಕಾಗದದ ಕಾವಲಿನಲ್ಲಿ ಹನ್ನೆರಡು ಚಿತ್ರ

ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಅರ್ಧ ಗುಟ್ಟು ಒಂದು ಕಾಗದದ ಪಟ್ಟಿಯಲ್ಲಿದೆ. ಅದಕ್ಕೆ ಹಾಕುವ ರೋಲಿನ ಹೆಸರು 120. ಕೊಡಾಕ್ ಕಂಪನಿ 1901ರಲ್ಲಿ ತನ್ನ ಎರಡನೇ ನಂಬರಿನ ಬ್ರೌನಿ ಕ್ಯಾಮೆರಾಕ್ಕಾಗಿ ತಂದ ಈ ರೋಲು ಇವತ್ತಿಗೂ ಅದೇ ಅಳತೆಯಲ್ಲಿ ತಯಾರಾಗುತ್ತಿದೆ. 35 ಎಂಎಂ ಫಿಲ್ಮಿಗೆ ತಗಡಿನ ಡಬ್ಬಿಯ ರಕ್ಷಣೆ ಇದೆ, ಇದಕ್ಕೆ ಅಂಥದ್ದೇನೂ ಇಲ್ಲ. ಸುಮಾರು ಆರು ಸೆಂಟಿಮೀಟರ್ ಅಗಲ, ಎಂಬತ್ತು ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದದ ಫಿಲ್ಮು, ಅದರ ಬೆನ್ನಿಗೆ ಎರಡೂ ತುದಿಯಲ್ಲಿ ಅದಕ್ಕಿಂತ ಉದ್ದನೆಯ ಕಪ್ಪು ಕಾಗದ, ಇವೆರಡೂ ಒಂದು ಸ್ಪೂಲಿಗೆ ಸುತ್ತಿಕೊಂಡಿರುತ್ತವೆ. ಬೆಳಕನ್ನು ತಡೆಯುವುದು ಬಿಗಿಯಾಗಿ ಸುತ್ತಿದ ಆ ಕಾಗದ ಮಾತ್ರ. ರೋಲು ಹಾಕುವಾಗ, ತೆಗೆಯುವಾಗ ಹಿರಿಯ ಫೋಟೋಗ್ರಾಫರುಗಳು ಹೇಳುವ ಎಚ್ಚರಿಕೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಇಷ್ಟು ಅರ್ಥವಾದರೆ ಬಾಯಿಪಾಠ ಮಾಡಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ.

ಕಾಗದಕ್ಕೆ ಫಿಲ್ಮನ್ನು ಅಂಟಿಸಿರುವುದು ಒಂದೇ ತುದಿಯಲ್ಲಿ, ಶುರುವಿನ ತುದಿಯಲ್ಲಿ. ಇನ್ನೊಂದು ತುದಿ ಬಿಡಿಯಾಗಿರುತ್ತದೆ. ಚಾಪೆಯ ಮೇಲೆ ಜಮಖಾನ ಹಾಸಿ ಎರಡನ್ನೂ ಒಟ್ಟಿಗೆ ಸುತ್ತಿದರೆ ಒಳಗಿನದು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತದಲ್ಲ, ಇಲ್ಲೂ ಹಾಗೆಯೇ. ಎರಡೂ ತುದಿ ಅಂಟಿಸಿದ್ದರೆ ಫಿಲ್ಮು ನಡುವೆ ಉಬ್ಬಿಕೊಳ್ಳುತ್ತಿತ್ತು. ಚಿತ್ರ ಹರಿತವಾಗಿ ಬರಬೇಕಾದರೆ ಫಿಲ್ಮು ಚಪ್ಪಟೆಯಾಗಿ ಕೂರಬೇಕು.

ಕಾಗದದ ಹೊರಮೈಯಲ್ಲಿ ಮೂರು ಸಾಲು ಅಂಕಿಗಳು ಅಚ್ಚಾಗಿರುತ್ತವೆ. ಒಂದೇ ರೋಲಿನಲ್ಲಿ ಆರು ಬೈ ಒಂಬತ್ತರ ಎಂಟು ಚಿತ್ರ, ಆರು ಬೈ ಆರರ ಹನ್ನೆರಡು, ಆರು ಬೈ ನಾಲ್ಕೂವರೆಯ ಹದಿನಾರು ತೆಗೆಯಬಹುದು. ಯಾವ ಸಾಲು ನೋಡಬೇಕೆಂಬುದನ್ನು ಕ್ಯಾಮೆರಾ ತೀರ್ಮಾನಿಸುತ್ತದೆ. ನಮ್ಮಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಗೊತ್ತಿದ್ದ ಆಗ್ಫಾ ಕ್ಲಿಕ್ ಥ್ರೀಯ ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಟಕಿ ಇತ್ತು. ಅದರಲ್ಲಿ ಅಂಕಿ ಮೂಡುವ ತನಕ ನಾಬ್ ತಿರುಗಿಸುವುದು, ಕ್ಲಿಕ್ ಮಾಡುವುದು, ಮುಂದಿನ ಅಂಕಿಗೆ ಮತ್ತೆ ತಿರುಗಿಸುವುದು. ತಿರುಗಿಸಲು ಮರೆತರೆ ತಡೆಯುವ ಏರ್ಪಾಡು ಅಂಥ ಸರಳ ಪೆಟ್ಟಿಗೆಗಳಲ್ಲಿ ಇರುತ್ತಿರಲಿಲ್ಲ. ಹಳೆಯ ಆಲ್ಬಮ್ಮುಗಳಲ್ಲಿ ಮದುಮಗನ ಎದೆಯ ಮೇಲೆ ಬಾಳೆಕಂಬ ಮೂಡಿದ ಚಿತ್ರಗಳು ಸಿಗುವುದು ಅದಕ್ಕೇ.

ಕಿಟಕಿಗೆ ಕೆಂಪು ಬಣ್ಣ ಯಾಕೆ? ಆರಂಭದ ಕಾಲದ ಫಿಲ್ಮುಗಳು ಆರ್ಥೋಕ್ರೊಮ್ಯಾಟಿಕ್, ಅಂದರೆ ಕೆಂಪು ಬೆಳಕು ಅವುಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬು ಉರಿಸುವುದರ ಹಿಂದೆಯೂ ಇದೇ ತರ್ಕ. ಆಮೇಲೆ ಬಂದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮುಗಳಿಗೆ ಕೆಂಪೂ ಕಾಣುತ್ತದೆ. ಆದ್ದರಿಂದ ಇವತ್ತಿನ ಫಿಲ್ಮನ್ನು ಕೆಂಪು ಕಿಟಕಿಯ ಕ್ಯಾಮೆರಾಕ್ಕೆ ಹಾಕಿದರೆ, ಸುತ್ತುವಾಗ ಮಾತ್ರ ನೆರಳಿನಲ್ಲಿ ಕಿಟಕಿ ತೆರೆದು ನೋಡಿ, ಉಳಿದ ಹೊತ್ತು ಮುಚ್ಚಿಡಬೇಕು. ಮುಚ್ಚಳವೇ ಇಲ್ಲದ ಕಿಟಕಿಗೆ ಕಪ್ಪು ಟೇಪಿನ ತುಂಡು ಸಾಕು.

ಕ್ಲಿಕ್ ಥ್ರೀ ನೆನಪಿಗೆ ಚೆಂದ. ದುಡ್ಡು ಕೊಟ್ಟು ರೋಲು ತಂದು ಚಿತ್ರ ತೆಗೆಯಬೇಕೆಂದಿರುವವರಿಗೆ ನಾನು ಹೇಳುವುದು ಎರಡು ಲೆನ್ಸಿನ ರಿಫ್ಲೆಕ್ಸ್ ಕ್ಯಾಮೆರಾ. ಮೇಲಿನ ಲೆನ್ಸು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಈ ಬಗೆಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟದ್ದು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಫ್ರಾಂಕೆ ಮತ್ತು ಹೈಡೆಕೆ ಕಂಪನಿ 1929ರಲ್ಲಿ ಹೊರತಂದ ರೋಲೈಫ್ಲೆಕ್ಸ್. ಸ್ವಾತಂತ್ರ್ಯದ ಹೊಸ್ತಿಲಿನ ದೆಹಲಿಯನ್ನು ಚಿತ್ರಿಸಿದ ಹೋಮಾಯ್ ವ್ಯಾರಾವಾಲಾ ಅವರ ಕೈಯಲ್ಲೂ ರೋಲೈಫ್ಲೆಕ್ಸ್ ಇತ್ತು. ಅದೇ ಮಾದರಿಯನ್ನು ಜಪಾನಿನ ಯಾಶಿಕಾ ಕಡಿಮೆ ಬೆಲೆಗೆ ಮಾಡಿತು. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿರುತ್ತಿದ್ದದ್ದು ಹೆಚ್ಚಾಗಿ ಅದೇ. 1970ರಲ್ಲಿ ಬಂದು 1980ರ ದಶಕದ ನಡುವಿನವರೆಗೂ ತಯಾರಾದ ಯಾಶಿಕಾ-ಮ್ಯಾಟ್ 124ಜಿ ಈಗಲೂ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುತ್ತದೆ. 80 ಎಂಎಂ ಲೆನ್ಸು, ಒಂದು ಸೆಕೆಂಡಿನಿಂದ ಸೆಕೆಂಡಿನ ಐನೂರನೇ ಒಂದು ಭಾಗದವರೆಗೆ ಕೆಲಸ ಮಾಡುವ ಕೊಪಾಲ್ ಶಟರ್, ಫಿಲ್ಮ್ ಸುತ್ತಲು ಬಲಗಡೆ ಮಡಚುವ ಹ್ಯಾಂಡಲ್. ಮುಂದೆ ಹೇಳುವುದೆಲ್ಲ ಇದನ್ನೇ ಎದುರಿಗಿಟ್ಟುಕೊಂಡು.

ರೋಲು ಹಾಕುವ ಮೊದಲು ಕ್ಯಾಮೆರಾದ ಆರೋಗ್ಯ ನೋಡಬೇಕು. ತಳದ ನಡುವಿನಲ್ಲಿರುವ ಚಿಲಕ ತಿರುಗಿಸಿದರೆ ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುತ್ತದೆ. ಅಪರ್ಚರ್ ಪೂರ್ತಿ ತೆರೆದು, ಶಟರನ್ನು ‘ಬಿ’ ಎಂಬಲ್ಲಿಟ್ಟು, ಗುಂಡಿ ಒತ್ತಿ ಹಿಡಿದು ಹಿಂದಿನಿಂದ ಲೆನ್ಸಿನ ಮೂಲಕ ಆಕಾಶ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕಪಾಟಿನೊಳಗೆ ವರ್ಷಗಟ್ಟಲೆ ಮಲಗಿದ್ದ ಕ್ಯಾಮೆರಾಗಳಲ್ಲಿ ಇದಿಲ್ಲದಿದ್ದರೆ ಆಶ್ಚರ್ಯಪಡಬೇಕು. ಶುರುವಿನಲ್ಲಿದ್ದರೆ ಬಲ್ಲವರು ಲೆನ್ಸು ಬಿಚ್ಚಿ ಒರೆಸಿಕೊಡುತ್ತಾರೆ. ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ, ಆಮೇಲೆ ಒರೆಸಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಕೇಸಿನಲ್ಲಿ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಜೆಲ್ಲಿನ ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿಕೊಂಡರಾಯಿತು.

ಶಟರಿನ ಪರೀಕ್ಷೆ ಕಿವಿಯಿಂದ. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಜುಂಯ್ ಎಂದು ಒಂದೇ ಲಯದಲ್ಲಿ ಓಡಿ ನಿಲ್ಲಬೇಕು. ನಡುವೆ ತಡವರಿಸಿದರೆ ಒಳಗಿನ ಗ್ರೀಸು ಗಟ್ಟಿಯಾಗಿದೆ ಎಂದರ್ಥ. ವೇಗದ ಸ್ಪೀಡುಗಳು ಆಗಲೂ ನೆಟ್ಟಗಿರಬಹುದು, ನಿಧಾನದವು ಕೈಕೊಡುತ್ತವೆ. ಹಿಂಬಾಗಿಲಿನ ಅಂಚಿನ ಸ್ಪಂಜಿನ ಪಟ್ಟಿ ಮುಟ್ಟಿದರೆ ಡಾಂಬರಿನಂತೆ ಬೆರಳಿಗೆ ಅಂಟುತ್ತದೆಯೇ? ಹಾಗಾದರೆ ಕೆರೆದು ತೆಗೆದು ಹೊಸದು ಹಾಕಬೇಕು, ಇಲ್ಲವಾದರೆ ಬೆಳಕು ಸೋರುತ್ತದೆ.

ಈಗ ರೋಲು. ಫ್ರಿಜ್ಜಿನಲ್ಲಿಟ್ಟಿದ್ದರೆ ಪೊಟ್ಟಣ ಒಡೆಯದೆ ಹೊರಗಿಟ್ಟು ಅದರ ತಣ್ಣಗಿನ ಮೈ ಹೋಗಲು ಬಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬಿಸಿಲಿನಲ್ಲಿ ರೋಲು ಹಾಕಬಾರದು. ಮರದ ನೆರಳು, ಜಗಲಿ, ಏನೂ ಸಿಗದಿದ್ದರೆ ಸೂರ್ಯನಿಗೆ ಬೆನ್ನು ಹಾಕಿ ನಿಮ್ಮದೇ ಮೈಯ ನೆರಳು. ಪೂರ್ತಿ ಕತ್ತಲೆ ಬೇಕಿಲ್ಲ.

120ರಲ್ಲಿ ಫಿಲ್ಮನ್ನು ಹಿಂದಕ್ಕೆ ಸುತ್ತುವ ಪದ್ಧತಿ ಇಲ್ಲ. ಒಂದು ಸ್ಪೂಲಿನಿಂದ ಬಿಚ್ಚಿಕೊಂಡು ಇನ್ನೊಂದು ಸ್ಪೂಲಿಗೆ ಸುತ್ತಿಕೊಳ್ಳುತ್ತದೆ, ಮುಗಿದ ರೋಲನ್ನು ಆ ಎರಡನೇ ಸ್ಪೂಲಿನ ಸಮೇತ ಲ್ಯಾಬಿಗೆ ಕೊಡುತ್ತೇವೆ. ಖಾಲಿಯಾದ ಮೊದಲ ಸ್ಪೂಲು ಕ್ಯಾಮೆರಾದಲ್ಲೇ ಉಳಿಯುತ್ತದೆ, ಮುಂದಿನ ರೋಲಿಗೆ ಅದೇ ಬೇಕು. ಕ್ಯಾಮೆರಾ ಕೊಳ್ಳುವಾಗ ಒಳಗೆ ಖಾಲಿ ಸ್ಪೂಲು ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಹೊಸ ರೋಲು ಹಿಡಿದು ಸುಮ್ಮನೆ ಕೂರಬೇಕಾಗುತ್ತದೆ. ಕೊಡಾಕ್ 1930ರ ದಶಕದ ಆರಂಭದಲ್ಲಿ ತಂದ 620 ಎಂಬ ಇನ್ನೊಂದು ಬಗೆಯೂ ಇತ್ತು, ಫಿಲ್ಮು ಅದೇ, ಸ್ಪೂಲು ಮಾತ್ರ ತೆಳು. ಅದು ಇಲ್ಲಿಗೆ ಹೊಂದುವುದಿಲ್ಲ.

ಹಿಂಬಾಗಿಲು ತೆರೆದಾಗ ಕಾಣುವ ಕಪ್ಪು ತಟ್ಟೆಯನ್ನು ಮೊದಲು ಗಮನಿಸಿ. ಫಿಲ್ಮನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುವುದು ಅದರ ಕೆಲಸ. 124ಜಿಯಲ್ಲಿ ಅದನ್ನು ಸರಿಸಿ 120ಕ್ಕೂ 220ಕ್ಕೂ ಹೊಂದಿಸಬಹುದು. 1965ರಲ್ಲಿ ಬಂದ 220 ರೋಲಿನಲ್ಲಿ ಫಿಲ್ಮಿನ ಹಿಂದೆ ಕಾಗದವಿಲ್ಲ, ಎರಡು ತುದಿಗಳಲ್ಲಷ್ಟೇ ಇರುತ್ತದೆ. ಹಾಗೆ ಉಳಿದ ಜಾಗದಲ್ಲಿ ಇಪ್ಪತ್ನಾಲ್ಕು ಚಿತ್ರದಷ್ಟು ಫಿಲ್ಮು ಹಿಡಿಸುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದು 120 ಮಾತ್ರ ಎಂದುಕೊಂಡರೂ ಸರಿಯೇ. ತಟ್ಟೆ ಹನ್ನೆರಡರ ಗುರುತಿನಲ್ಲಿರಬೇಕು. ಹಿಂದಿನ ಮಾಲೀಕರು ಎಲ್ಲಿ ಬಿಟ್ಟಿದ್ದರೋ ಯಾರಿಗೆ ಗೊತ್ತು.

ಎಡಗಡೆಯ ನಾಬ್‌ಗಳನ್ನು ಹೊರಕ್ಕೆ ಎಳೆದರೆ ಸ್ಪೂಲು ಕೂರುವ ಜಾಗ ಬಿಡುವಾಗುತ್ತದೆ. ಖಾಲಿ ಸ್ಪೂಲು ಮೇಲಿನ ಮನೆಗೆ, ಹೊಸ ರೋಲು ಕೆಳಗಿನ ಮನೆಗೆ. ರೋಲಿನ ಸುತ್ತ ಅಂಟಿಸಿದ ಕಾಗದದ ಪಟ್ಟಿ ಹರಿಯುವಾಗ ಹೆಬ್ಬೆರಳು ರೋಲಿನ ಮೇಲೆಯೇ ಇರಲಿ. ಕಾಗದವನ್ನು ಮೇಲಕ್ಕೆ ಎಳೆದಾಗ ಕಪ್ಪು ಮೈ ಲೆನ್ಸಿನ ಕಡೆಗೂ ಅಕ್ಷರ ಅಚ್ಚಾದ ಮೈ ನಿಮ್ಮ ಕಡೆಗೂ ಇರಬೇಕು. ತಿರುವುಮುರುವಾಗಿ ಹಾಕಿದರೆ ಲೆನ್ಸು ಹನ್ನೆರಡೂ ಸಲ ಕಾಗದದ ಬೆನ್ನನ್ನೇ ನೋಡುತ್ತದೆ. ತೊಳೆದಾಗ ಸಿಗುವುದು ಖಾಲಿ ಫಿಲ್ಮು.

ಕಾಗದದ ಚೂಪು ತುದಿಯನ್ನು ಮೇಲಿನ ಸ್ಪೂಲಿನ ಸೀಳಿನ ನಟ್ಟನಡುವೆ ತೂರಿಸಿ, ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿ. ಇಲ್ಲಿ ಅವಸರ ಮಾಡಬಾರದು. ಕಾಗದ ಎರಡೂ ಅಂಚಿಗೆ ಸಮನಾಗಿ ಸುತ್ತಿಕೊಳ್ಳುತ್ತಿದೆಯೇ, ಓರೆಯಾಗಿ ಒಂದು ಬದಿಗೆ ಏರುತ್ತಿದೆಯೇ ನೋಡಿ. ಓರೆಯಾಗಿದ್ದರೆ ಬಿಚ್ಚಿ ಮತ್ತೆ ತೂರಿಸಿ. ಕೆಳಗಿನ ರೋಲನ್ನು ಬೆರಳಿನಿಂದ ಲಘುವಾಗಿ ಒತ್ತಿ ಹಿಡಿದರೆ ಕಾಗದ ಬಿಗಿಯಾಗಿ ಬರುತ್ತದೆ. ಸಡಿಲವಾಗಿ ಸುತ್ತಿಕೊಂಡ ರೋಲು ಕೊನೆಗೆ ಸ್ಪೂಲಿನ ಅಂಚನ್ನೂ ಮೀರಿ ದಪ್ಪವಾಗುತ್ತದೆ, ಹೊರಗೆ ತೆಗೆದಾಗ ಬದಿಯಿಂದ ಬೆಳಕು ನುಗ್ಗುತ್ತದೆ. ನೆಗೆಟಿವ್ವಿನ ಅಂಚಿನಲ್ಲಿ ಕಪ್ಪು ನಾಲಿಗೆಗಳಂತೆ ಕಾಣುವುದು ಈ ಸಡಿಲದ ಫಲ. ಅದನ್ನು ಲ್ಯಾಬಿನ ತಲೆಗೆ ಕಟ್ಟುವವರೇ ಹೆಚ್ಚು.

ಸ್ವಲ್ಪ ಸುತ್ತಿದ ಮೇಲೆ ಕಾಗದದ ಮೇಲೆ ಅಡ್ಡಗೆರೆಯೂ ಬಾಣದ ಗುರುತೂ ಬರುತ್ತವೆ. ಅದು ಕ್ಯಾಮೆರಾದ ಮೈಮೇಲಿನ ತ್ರಿಕೋನದ ಗುರುತಿಗೆ ಎದುರಾದಾಗ ನಿಲ್ಲಿಸಬೇಕು. ಕ್ಯಾಮೆರಾಕ್ಕೆ ಫಿಲ್ಮು ಎಲ್ಲಿ ಶುರುವಾಗುತ್ತದೆಂದು ಕಾಣುವುದಿಲ್ಲ. ಈ ಗುರುತಿನಿಂದ ಇಷ್ಟು ದೂರ ಸುತ್ತಿದರೆ ಮೊದಲ ಚೌಕ ಎಂಬ ಲೆಕ್ಕವಷ್ಟೇ ಅದಕ್ಕೆ ಗೊತ್ತು. ಬಾಣ ಗುರುತಿಗೆ ತಲುಪುವ ಮೊದಲೇ ಬಾಗಿಲು ಹಾಕಿದರೆ ಮೊದಲ ಚಿತ್ರ ಬರಿಯ ಕಾಗದದ ಮೇಲೆ ಬೀಳಬಹುದು, ದಾಟಿಸಿ ಹಾಕಿದರೆ ಹನ್ನೆರಡನೆಯದು ಫಿಲ್ಮಿನ ಆಚೆ ಹೋಗಬಹುದು. ರೋಲೈಫ್ಲೆಕ್ಸಿನವರು 1937ರ ಆಟೋಮ್ಯಾಟ್ ಮಾದರಿಯಲ್ಲಿ ಈ ತಾಪತ್ರಯವನ್ನೇ ತೆಗೆದುಹಾಕಿದರು. ಅದರಲ್ಲಿ ಕಾಗದವನ್ನು ಎರಡು ಉರುಳೆಗಳ ನಡುವೆ ತೂರಿಸಬೇಕು. ಫಿಲ್ಮು ಅಂಟಿದ ಜಾಗ ಬಂದಾಗ ದಪ್ಪ ಹೆಚ್ಚಾದದ್ದನ್ನು ಉರುಳೆ ಗ್ರಹಿಸಿ ಎಣಿಕೆ ಶುರುಮಾಡುತ್ತದೆ. ಬ್ಯಾಟರಿಯಿಲ್ಲ, ಕಣ್ಣಿಲ್ಲ, ಬರೀ ಸ್ಪರ್ಶ. ಯಂತ್ರದ ಜಾಣತನ ಎಂದರೆ ನನಗೆ ಇವತ್ತಿಗೂ ಮೊದಲು ಹೊಳೆಯುವುದು ಆ ಉರುಳೆ.

ಬಾಗಿಲು ಮುಚ್ಚಿ ಚಿಲಕ ಹಾಕಿ, ಹ್ಯಾಂಡಲ್ ತಾನಾಗಿ ನಿಲ್ಲುವ ತನಕ ಮುಂದಕ್ಕೆ ತಿರುಗಿಸಿ, ಆಮೇಲೆ ಅದು ತಡೆಯುವವರೆಗೆ ಹಿಂದಕ್ಕೆ. ಈ ಎರಡು ಚಲನೆ ಸೇರಿದರೇ ಒಂದು ಸುತ್ತು: ಫಿಲ್ಮು ಮುಂದೆ ಹೋಗಿರುತ್ತದೆ, ಶಟರ್ ಏರಿರುತ್ತದೆ, ಎಣಿಕೆಯ ಕಿಟಕಿಯಲ್ಲಿ 1 ಬಂದಿರುತ್ತದೆ. ಹಿಂದಕ್ಕೆ ತಿರುಗಿಸುವುದನ್ನು ಮರೆತು ಗುಂಡಿ ಒತ್ತುತ್ತ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಎಲ್ಲಾದರೂ ಬಿಗಿಯೆನಿಸಿದರೆ ಬಲ ಹಾಕಬೇಡಿ. ಇಂಥ ಕ್ಯಾಮೆರಾಗಳಲ್ಲಿ ಬಿಗಿಯಾಗಿರುವುದೆಂದರೆ ಒಂದೋ ಕ್ರಮ ತಪ್ಪಿದೆ, ಇಲ್ಲವೇ ರಿಪೇರಿ ಬೇಕಾಗಿದೆ. ಚಿತ್ರ ತೆಗೆದ ಕೂಡಲೇ ಮುಂದಿನ ಚೌಕಕ್ಕೆ ಸುತ್ತಿಡುವುದಕ್ಕಿಂತ, ತೆಗೆಯುವ ಹೊತ್ತಿಗೆ ಸುತ್ತುವುದು ಮೇಲು. ಫಿಲ್ಮು ಕೆಳಗಿನ ಮನೆಯಿಂದ ಉರುಳೆಯ ಮೇಲೆ ಮಡಚಿ ಹಾದು ಬರುತ್ತದೆ. ದಿನಗಟ್ಟಲೆ ಅಲ್ಲೇ ನಿಂತರೆ ಆ ಬಾಗು ಅಚ್ಚಾಗಿ ಕೂರುತ್ತದೆ. ಶಟರಿನ ಸ್ಪ್ರಿಂಗಿಗೂ ಅಷ್ಟೇ, ಏರಿಸಿಟ್ಟೇ ಮಲಗಿಸುವುದು ಒಳ್ಳೆಯದಲ್ಲ.

ಕ್ಯಾಮೆರಾವನ್ನು ಎದೆಗೋ ಹೊಟ್ಟೆಗೋ ಆನಿಸಿ, ಕೊರಳಪಟ್ಟಿ ಬಿಗಿಯಾಗುವಂತೆ ಕೆಳಕ್ಕೆ ಒತ್ತಿ ಹಿಡಿಯುವುದು ಇದರ ಭಂಗಿ. ಎಡಗೈ ಫೋಕಸಿಗೆ, ಬಲಗೈ ಗುಂಡಿಗೆ. ಗುಂಡಿಯ ಸುತ್ತ ಬೀಗದ ಬಳೆ ಇದೆ, ಮೊದಲು ಅದು ಬಿಡಿಸಿದೆಯೇ ನೋಡಿ. ಮೇಲಿನ ಮುಚ್ಚಳ ತೆರೆದು ತಲೆತಗ್ಗಿಸಿ ನೋಡಿದರೆ ಗಾಜಿನ ತೆರೆಯ ಮೇಲೆ ಜಗತ್ತು ನೆಟ್ಟಗೇ ಇರುತ್ತದೆ, ಎಡಬಲ ಮಾತ್ರ ಅದಲುಬದಲು. ತೆರೆಯ ಬಲಗಡೆ ಕಂಡ ಮನುಷ್ಯ ನಿಜಕ್ಕೆ ನಿಮ್ಮ ಎಡಗಡೆ ಇದ್ದಾನೆ, ನಡುವಿಗೆ ತರಬೇಕಾದರೆ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಬೇಕು. ಕೈ ಇದನ್ನು ಬೇಗ ಕಲಿಯುತ್ತದೆ, ತಲೆ ತಡಮಾಡುತ್ತದೆ. ಓಡುವ ಮಕ್ಕಳು, ಕಂಬಳದ ಕೋಣ, ಇಂಥವುಗಳಿಗೆ ಮುಚ್ಚಳದ ಮುಂದಿನ ತಗಡನ್ನು ಒಳಕ್ಕೆ ತಳ್ಳಿ ಬರುವ ನೇರ ಕಿಂಡಿಯಿಂದಲೇ ನೋಡುವುದು ವಾಸಿ. ನಿಂತ ವಿಷಯಗಳಿಗೆ ಮಡಚಿದ ಭೂತಗನ್ನಡಿ ಎಬ್ಬಿಸಿ, ಕಣ್ಣು ಹತ್ತಿರ ತಂದು ಫೋಕಸ್ ಮಾಡಿ. ಇಲ್ಲಿ ಉಳಿತಾಯ ಮಾಡಿದರೆ ಆರು ಬೈ ಆರರ ನೆಗೆಟಿವ್ವಿಗೆ ಅರ್ಥವೇ ಇಲ್ಲ.

ಎರಡು ಲೆನ್ಸು ಮೇಲೆ ಕೆಳಗೆ ಇರುವುದರಿಂದ ಹತ್ತಿರದ ಮುಖ ತೆಗೆಯುವಾಗ ನೀವು ನೋಡಿದ್ದೂ ಫಿಲ್ಮಿಗೆ ಬೀಳುವುದೂ ಒಂದೇ ಅಲ್ಲ. ತೆಗೆಯುವ ಲೆನ್ಸು ತಗ್ಗಿನಲ್ಲಿದೆ, ತಲೆ ಕತ್ತರಿಸಿಹೋಗುತ್ತದೆ. ಈ ಯಾಶಿಕಾ ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ, ಆ ದೂರದಲ್ಲಿ ತಲೆಯ ಮೇಲೆ ಧಾರಾಳ ಜಾಗ ಬಿಡಿ. ಸ್ಟ್ಯಾಂಡಿನ ಮೇಲಿದ್ದರೆ ನೋಡಿದ ಮೇಲೆ, ಒತ್ತುವ ಮೊದಲು, ಎರಡು ಲೆನ್ಸಿನ ನಡುವಿನ ಅಂತರದಷ್ಟು ಕ್ಯಾಮೆರಾವನ್ನು ಎತ್ತರಿಸಿ.

ಬೆಳಕಿನ ಅಳತೆಗೆ 124ಜಿಯಲ್ಲಿ ಮೀಟರ್ ಇದೆ, ಮುಚ್ಚಳ ತೆರೆದರೆ ಚಾಲೂ ಆಗುತ್ತದೆ. ಅದಕ್ಕೆಂದು ಮಾಡಿದ್ದ ಪಾದರಸದ ಸೆಲ್ಲು ಈಗ ಸಿಗುವುದಿಲ್ಲ. ಸಾಮಾನ್ಯ ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ಹೆಚ್ಚು, ಲೆಕ್ಕ ತಪ್ಪುತ್ತದೆ. ಕಿವಿಯ ಮಷಿನ್ನಿಗೆ ಹಾಕುವ ಝಿಂಕ್-ಏರ್ ಸೆಲ್ಲು ಹತ್ತಿರಹತ್ತಿರ ಸರಿಹೋಗುತ್ತದೆ, ಆದರೆ ಸ್ಟಿಕರ್ ಕಿತ್ತ ಮೇಲೆ ಬಹಳ ದಿನ ಬಾಳುವುದಿಲ್ಲ. ನನ್ನ ಮಟ್ಟಿಗೆ ಆ ಮೀಟರಿಗಿಂತ ಹದಿನಾರರ ಹಳೆಯ ಸೂತ್ರವೇ ನಂಬಿಕಸ್ಥ: ಪೂರ್ಣ ಬಿಸಿಲಿನಲ್ಲಿ ಅಪರ್ಚರ್ ಎಫ್/16, ಶಟರ್ ಫಿಲ್ಮಿನ ಐಎಸ್‌ಒ ಅಂಕಿಗೆ ಹತ್ತಿರದ್ದು. ನೂರರ ಫಿಲ್ಮಿಗೆ 125, ನಾನೂರರ ಫಿಲ್ಮಿಗೆ 500. ಆಷಾಢದ ಮೋಡಕ್ಕೆ ಎರಡು ಮೂರು ಮೆಟ್ಟಿಲು ತೆರೆಯಿರಿ. ನಾನೂರಕ್ಕೆ ಬಿಸಿಲಲ್ಲೇ 500 ತಲುಪಿಬಿಟ್ಟಿರಿ, ಇನ್ನು ಮೇಲೆ ಸ್ಪೀಡಿಲ್ಲ. ನಮ್ಮ ಬೇಸಿಗೆಯ ಹಗಲಲ್ಲಿ ಹಿನ್ನೆಲೆ ಮಸುಕಾಗಬೇಕೆಂದು ಆಸೆಪಡುವವರು ನೂರರ ಫಿಲ್ಮು ಕೊಳ್ಳಲಿ.

ಫೋಕಸಿನ ಆಳವೂ ಲೆಕ್ಕಕ್ಕೆ ಬರುತ್ತದೆ. 80 ಎಂಎಂ ಲೆನ್ಸು ಇಲ್ಲಿ ಕಣ್ಣಿಗೆ ಸಹಜವೆನಿಸುವ ಕೋನ ಕೊಡುತ್ತದೆ, ಆದರೆ ಆಳ ಮೊಬೈಲಿನವರು ಊಹಿಸಲಾರದಷ್ಟು ತೆಳು. ಊರ ಬೀದಿಯಲ್ಲಿ ಓಡಾಡುತ್ತ ತೆಗೆಯುವುದಾದರೆ ಎಫ್/16 ಇಟ್ಟು ಎಂಟು ಮೀಟರಿಗೆ ಫೋಕಸ್ ನಿಲ್ಲಿಸಿಬಿಡಿ, ಸುಮಾರು ನಾಲ್ಕು ಮೀಟರಿನಿಂದ ಬೆಟ್ಟದ ತುದಿಯವರೆಗೆ ಎಲ್ಲವೂ ಹಿಡಿತದಲ್ಲಿರುತ್ತದೆ.

ಲೆನ್ಸಿನ ಪಕ್ಕದ ಪುಟ್ಟ ಸನ್ನೆಯ ಮೇಲೆ ಎಂ, ಎಕ್ಸ್, ವಿ ಎಂದಿರುತ್ತದೆ. ಅದು ಎಕ್ಸಿನಲ್ಲೇ ಇರಲಿ. ಎಂ ಹಳೆಯ ಕಾಲದ ಫ್ಲ್ಯಾಶ್ ಬಲ್ಬುಗಳಿಗೆ, ಅದರಲ್ಲಿ ಈಗಿನ ಫ್ಲ್ಯಾಶ್ ಹಾಕಿದರೆ ಚಿತ್ರ ಕಪ್ಪು. ವಿ ಎಂದರೆ ಸೆಲ್ಫ್ ಟೈಮರ್, ಮುಟ್ಟದಿರುವುದು ಕ್ಷೇಮ. ವಯಸ್ಸಾದ ಟೈಮರುಗಳು ನಡುವೆ ನಿಂತು ಶಟರನ್ನೂ ಹಿಡಿದು ನಿಲ್ಲಿಸುತ್ತವೆ. ಹಳೆಯ ಕಾಂಪುರ್-ರ‍್ಯಾಪಿಡ್ ಶಟರ್ ಇರುವ ರೋಲೈಫ್ಲೆಕ್ಸಾದರೆ ಇನ್ನೊಂದು ಮಾತು: ಅತಿ ವೇಗದ ಸ್ಪೀಡು ಬೇಕಿದ್ದರೆ ಶಟರ್ ಏರಿಸುವ ಮೊದಲೇ ಇಡಬೇಕು, ಆ ಸ್ಪೀಡಿಗೆ ಒಳಗೆ ಬೇರೆಯೇ ಒಂದು ಸ್ಪ್ರಿಂಗ್ ಇದೆ.

ಹನ್ನೆರಡನೆಯದು ಮುಗಿದ ಮೇಲೆ ಹ್ಯಾಂಡಲ್ ತಡೆಯಿಲ್ಲದೆ ತಿರುಗುತ್ತದೆ. ಕಾಗದದ ಬಾಲವೂ ಸುತ್ತಿಕೊಂಡು ಕೈಗೆ ಭಾರ ಹಗುರಾಗುವ ತನಕ ತಿರುಗಿಸುತ್ತಲೇ ಇರಿ, ಆಮೇಲೆ ಇನ್ನೂ ಕೆಲವು ಸುತ್ತು. ಮತ್ತೆ ನೆರಳಿಗೆ ಬಂದು ಬಾಗಿಲು ತೆರೆದು, ಮೇಲಿನ ಸ್ಪೂಲನ್ನು ಬೆರಳಿನಿಂದ ಒತ್ತಿ ಹಿಡಿದೇ ತೆಗೆಯಿರಿ. ತುದಿಯನ್ನು ಒಳಕ್ಕೆ ಮಡಚಿ ಅಂಟುಪಟ್ಟಿ ಸುತ್ತಿ. ಕೆಲವು ಕಂಪನಿಗಳ ಪಟ್ಟಿಗೆ ನಾಲಿಗೆಯ ತೇವ ಬೇಕು, ಅಂಚೆಚೀಟಿಯ ರುಚಿಯೇ. ಬಿಗಿ ಮಾಡುತ್ತೇನೆಂದು ಕಾಗದವನ್ನು ಎಳೆದು ತಿರುಚಬೇಡಿ, ಒಳಗೆ ಫಿಲ್ಮು ಉಜ್ಜಿ ಗೀರು ಬೀಳುತ್ತದೆ.

ಹ್ಯಾಸೆಲ್‌ಬ್ಲಾಡ್ ಕೈಗೆ ಬಂದವರಿಗೆ ಇಷ್ಟು ಹೇಳಿ ಮುಂದೆ ಹೋಗುತ್ತೇನೆ: ಅಲ್ಲಿ ಕ್ರಮ ತಪ್ಪಿದರೆ ದಂಡ ಹೆಚ್ಚು. 1957ರಲ್ಲಿ ಬಂದ 500ಸಿ ಮತ್ತು ಅದರ ವಂಶದ ಕ್ಯಾಮೆರಾಗಳಲ್ಲಿ ಲೆನ್ಸು ಬದಲಿಸುವಾಗ ಕ್ಯಾಮೆರಾ, ಲೆನ್ಸು ಎರಡೂ ಏರಿರಬೇಕು, ಇಲ್ಲವಾದರೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಫಿಲ್ಮಿನ ಡಬ್ಬಿ ಕಳಚುವಾಗ ಬೆಳಕು ತಡೆಯುವ ತಗಡು, ಅಂದರೆ ಡಾರ್ಕ್ ಸ್ಲೈಡ್, ಒಳಗಿರಬೇಕು, ಚಿತ್ರ ತೆಗೆಯುವಾಗ ಹೊರಗೆ. ಚಿತ್ರ ತೆಗೆದ ಮೇಲೆ ಕನ್ನಡಿ ಮೇಲೆಯೇ ನಿಲ್ಲುತ್ತದೆ, ಸುತ್ತಿದ ಮೇಲೆಯೇ ಇಳಿಯುವುದು. ಕಿಂಡಿ ಕಪ್ಪಾಯಿತೆಂದು ಗಾಬರಿಯಾಗಬೇಕಿಲ್ಲ.

ಮುಗಿದ ರೋಲಿನ ಮೇಲೆ ಊರು, ತಿಂಗಳು, ಯಾವ ಐಎಸ್‌ಒಗೆ ತೆಗೆದದ್ದು ಎಂದು ಪೆನ್ನಿನಲ್ಲಿ ಬರೆದು, ಫಾಯಿಲಿನಲ್ಲಿ ಸುತ್ತಿ ತಂಪಾದ ಕಡೆ ಇಡಿ. ಕಾರಿನ ಡ್ಯಾಶ್‌ಬೋರ್ಡು ಅಂಥ ಜಾಗವಲ್ಲ. ವಿಮಾನ ಹತ್ತುವವರು ಲಗೇಜಿಗೆ ಹಾಕದೆ ಕೈಯಲ್ಲಿ ಹಿಡಿದು, ಹೊಸ ಸಿಟಿ ಸ್ಕ್ಯಾನರಿಗೆ ಹೋಗದಂತೆ ಕೈಯಿಂದಲೇ ತಪಾಸಣೆ ಮಾಡಲು ಕೇಳಿಕೊಳ್ಳಿ. ಲ್ಯಾಬಿನಲ್ಲಿ 120 ತೊಳೆಯುತ್ತೀರಾ ಎಂದು ಮೊದಲೇ ವಿಚಾರಿಸಿ, ಕೆಲವರು 35 ಎಂಎಂ ಮಾತ್ರ ಮಾಡುತ್ತಾರೆ. ನೆಗೆಟಿವ್ವನ್ನು ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಕೊಡುವುದು ಬೇಡ, ಮೂರು ಮೂರು ಚೌಕದ ನಾಲ್ಕು ಪಟ್ಟಿಯಾಗಿ ಕತ್ತರಿಸಿ ಸ್ಲೀವಿನಲ್ಲಿ ಹಾಕಿಕೊಡಿ ಎಂದು ರಸೀದಿಯ ಮೇಲೆಯೇ ಬರೆಸಿಕೊಂಡು ಬನ್ನಿ. ಖಾಲಿ ಸ್ಪೂಲನ್ನೂ ಕೇಳಿ ಇಸಿದುಕೊಳ್ಳಿ, ಒಂದು ಹೆಚ್ಚಿಗೆ ಇದ್ದರೆ ನಷ್ಟವಿಲ್ಲ.